ಐ ಎಷ್ಟು, ಐ-ಸ್ಟಾರ್ ಎಷ್ಟು: ಮೀಥೈಲ್ ಅಯೊಡೈಡಿನ ಪಾಲು ಅಳೆದ ಬಗೆ

ಮೀಥೈಲ್ ಅಯೊಡೈಡನ್ನು 266 ನ್ಯಾನೊಮೀಟರ್ ಲೇಸರಿನಿಂದ (ಪಂಪ್) ಒಡೆದು, ಹೊರಬರುವ ಅಯೊಡೀನ್ ಪರಮಾಣುಗಳಲ್ಲಿ ಸಾಮಾನ್ಯ ಸ್ಥಿತಿಯ ಐ ಎಷ್ಟು, ಹೆಚ್ಚಿನ ಶಕ್ತಿಯ ಐ-ಸ್ಟಾರ್ ಎಷ್ಟು ಎಂದು ಅಳೆಯಲು ಹೊರಟಿದ್ದೆ. ಆದರೆ ಆ ಪರಮಾಣುಗಳನ್ನು ಅಯಾನು ಮಾಡಿ ತೋರಿಸುವ 304 ನ್ಯಾನೊಮೀಟರ್ ಬೆಳಕೂ (ಪ್ರೋಬ್) ಮೀಥೈಲ್ ಅಯೊಡೈಡನ್ನು ಒಡೆಯುತ್ತದೆ. ಅದರ ಅಯೊಡೀನಿನಿಂದ 266ರ ಅಯೊಡೀನನ್ನು ಹೇಗೆ ಬೇರ್ಪಡಿಸುತ್ತೀಯ ಎಂದು ನಕ್ಕವರೇ ಹೆಚ್ಚು. ಮೊದಲು ನಾನೂ ಕಳೆಯುವ ಲೆಕ್ಕವನ್ನೇ ಹಿಡಿದಿದ್ದೆ: ಪಂಪ್ ಇದ್ದಾಗ ಒಂದು ಚಿತ್ರ, ತಡೆದಾಗ ಇನ್ನೊಂದು. ಪ್ರೋಬ್ ಶಕ್ತಿ ನೂರಕ್ಕೆ ಐದು ಅಲುಗಿದರೂ ಐ ಚಾನೆಲ್ ಸೊನ್ನೆಗಿಂತ ಕೆಳಗೆ ಇಳಿಯುತ್ತಿತ್ತು.

ಕಳೆಯುವುದನ್ನು ಬಿಟ್ಟು ಉಂಗುರದ ತ್ರಿಜ್ಯ ನೋಡಿದೆ: ಅಯಾನುಗಳ ಚಿತ್ರದಲ್ಲಿ ಒಂದೇ ವೇಗದವು ಒಂದು ಉಂಗುರವಾಗಿ ಬೀಳುತ್ತವೆ, ವೇಗ ಹೆಚ್ಚಿದಷ್ಟೂ ಉಂಗುರ ದೊಡ್ಡದು. ಬಂಧ ಮುರಿಯಲು ಸುಮಾರು 2.4 ಇಲೆಕ್ಟ್ರಾನ್ ವೋಲ್ಟ್, ಐ-ಸ್ಟಾರ್‌ಗೆ ಮೇಲೆ 0.94. ಹಾಗಾಗಿ 266ರಲ್ಲಿ ಐಗೆ 2.25, ಐ-ಸ್ಟಾರ್‌ಗೆ 1.3 ಉಳಿಯುತ್ತದೆ; 304ರಲ್ಲಿ 1.67 ಮತ್ತು 0.73. ತ್ರಿಜ್ಯ ಈ ಉಳಿದ ಶಕ್ತಿಯ ವರ್ಗಮೂಲದಲ್ಲಿ ಹೋಗುವುದರಿಂದ 304ರ ಐ-ಸ್ಟಾರ್ ಉಂಗುರ 266ರದ್ದರ ಮುಕ್ಕಾಲು ಭಾಗದಲ್ಲೇ ಕೂರುತ್ತದೆ, ಐ ಉಂಗುರ 0.86ರಲ್ಲಿ. ಮೀಥೈಲಿನ ಛತ್ರಿ ಕಂಪನ (ಛತ್ರಿಯಂತೆ ಮಡಚಿ ಬಿಚ್ಚುವುದು) ಶಕ್ತಿಯಲ್ಲಿ ಒಂದಿಷ್ಟು ತಿನ್ನುವುದರಿಂದ ಐ ಉಂಗುರಕ್ಕೆ ಒಳಮುಖವಾದ ಬಾಲ ಬರುತ್ತದೆ ನಿಜ, ಆದರೆ ಅದು 304ರ ಉಂಗುರ ಮುಟ್ಟಲು ಕಂಪನದ ಏಳೆಂಟು ಮೆಟ್ಟಿಲು ಇಳಿಯಬೇಕು. ತ್ರಿಜ್ಯ ನೋಡಿ ಕತ್ತರಿಸಿದರೆ ಸಾಕು.

ಆದರೂ ಮೊದಲ ಸುತ್ತಿನಲ್ಲಿ ಐ-ಸ್ಟಾರ್ ಪಾಲು 0.85 ಬಂತು. ಅಷ್ಟು ಇರಲು ಸಾಧ್ಯವಿಲ್ಲ. ತಪ್ಪು ಡಾಪ್ಲರಿನದು, ಅಂದರೆ ಓಡುವ ಪರಮಾಣು ಹೀರುವ ಬಣ್ಣ ವೇಗಕ್ಕೆ ತಕ್ಕಂತೆ ಸರಿಯುವುದು: ಐ ಸೆಕೆಂಡಿಗೆ 600 ಮೀಟರ್ ಓಡಿದರೆ ಐ-ಸ್ಟಾರ್ 460ರ ಆಸುಪಾಸು. ಪ್ರೋಬ್ ಕೊಡುವ, ಬಣ್ಣ ಬದಲಿಸಬಹುದಾದ ಡೈ ಲೇಸರನ್ನು ಹೀರುವ ಗೆರೆಯ ನೆತ್ತಿಯಲ್ಲಿ ನಿಲ್ಲಿಸಿದರೆ ವೇಗದ ಐ ಹೆಚ್ಚು ಕೈತಪ್ಪುತ್ತದೆ. ಐಗೆ 304.67, ಐ-ಸ್ಟಾರ್‌ಗೆ 304.02, ಎರಡೂ ಗೆರೆಗಳ ಈ ತುದಿಯಿಂದ ಆ ತುದಿಯವರೆಗೆ ಸ್ಕ್ಯಾನ್ ಮಾಡುತ್ತಲೇ ಚಿತ್ರ ಕೂಡಿಸಬೇಕು.

ಮುಂದಿನ ಪೆಟ್ಟು ಹಣಕ್ಕೆ. ಪ್ರೋಬನ್ನು ಒಂದು ಮಿಲಿಜೂಲ್‌ಗೆ ಏರಿಸಿದೆ. ಅಯಾನುಗಳು ಒಂದನ್ನೊಂದು ತಳ್ಳಿ ಉಂಗುರ ಕಲಸಿಹೋಯಿತು, ಅಯಾನು ಹಿಡಿಯುವ ಎಂಸಿಪಿ ಪ್ಲೇಟಿನ ನಡುವೆ ಕಲೆ ಬಿತ್ತು. ಎರಡನೇ ಡೈ ಲೇಸರಿಗೆಂದು ಇಟ್ಟಿದ್ದ ದುಡ್ಡು ಹೊಸ ಪ್ಲೇಟಿಗೆ ಹೋಯಿತು. ಈಗ 0.3ರ ಮೇಲೆ ಹೋಗುವುದಿಲ್ಲ.

ಮಾದರಿಯೂ ಸತಾಯಿಸುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಬಾಟಲಿ ಬಳಸಬೇಡಿ. ಅದರಲ್ಲಿನ ಅಯೊಡೀನ್ ಅಣು ತನ್ನದೇ ಉಂಗುರ ಬಿಡುತ್ತದೆ. ತಾಮ್ರದ ತಂತಿ ಹಾಕಿ, ಫಾಯಿಲ್ ಸುತ್ತಿ, ಮೂರು ಸಲ ಹೆಪ್ಪುಗಟ್ಟಿಸಿ ಗಾಳಿ ಎಳೆಯಿರಿ. ನನ್ನ ಮಿಶ್ರಣ 20 ಮಿಲಿಬಾರ್ ಆವಿ, ಉಳಿದದ್ದು ಹೀಲಿಯಂ, ಒಟ್ಟು ಒಂದು ಬಾರ್. ಹೆಚ್ಚಿಸಿದರೆ ಅಣುಗಳು ಗುಂಪುಗೂಡಿ ಚಿತ್ರದ ನಡುವೆ ಮಸುಕು ಚುಕ್ಕೆ ಬರುತ್ತದೆ. ಆಗ ಅನಿಲದ ಪಲ್ಸಿನ ಮುಂಚೂಣಿಯಲ್ಲೇ ಲೇಸರ್ ಹಾಯಿಸಿ.

ಐ, ಐ-ಸ್ಟಾರ್ ಗೆರೆಗಳ ಸಂವೇದನೆ ಒಂದೇ ಅಲ್ಲ, ಅದನ್ನು ಸರಿಹೊಂದಿಸುವ ಗುಣಕ ಬೇಕೇ ಬೇಕು. ಅದು ಹೇಗೆ ಸಿಕ್ಕಿತೆಂಬುದು ಸದ್ಯ ನನ್ನ ಬಳಿಯೇ ಇರಲಿ. ಕೊನೆಗೆ ನಿಂತ ಅಂಕಿ ಸುಮಾರು 0.74. ನಕ್ಕವರು ಈಗ ತ್ರಿಜ್ಯದ ಪಟ್ಟಿ ಕೇಳುತ್ತಿದ್ದಾರೆ.

ಕುತೂಹಲಕ್ಕೆ ಸಿಡಿ3ಐ (ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ಮೀಥೈಲ್ ಅಯೊಡೈಡ್) ಹಾಕಿದೆ: ಐ-ಸ್ಟಾರ್ ಪಾಲು ಸ್ವಲ್ಪ ಏರಿತು. ಡ್ಯುಟೀರಿಯಂ ಭಾರವಾದ್ದರಿಂದ ಅಣು ಕಡಿಮೆ ಬಾಗುತ್ತದೆ, ಐ ಮತ್ತು ಐ-ಸ್ಟಾರ್ ಕಡೆಗೆ ಒಯ್ಯುವ ಎರಡು ಶಕ್ತಿ ಮೇಲ್ಮೈಗಳು ಅಡ್ಡಹಾಯುವಲ್ಲಿ ಐ ಕಡೆಗೆ ಜಾರುವುದೂ ಕಡಿಮೆ. ತ್ರಿಜ್ಯದ ಕತ್ತರಿಯನ್ನು ಮಾತ್ರ ಹೊಸದಾಗಿ ಹೊಂದಿಸಬೇಕಾಯಿತು.