ಅರ್ಧ ಪ್ಯಾಕೆಟ್ ಸೂಪು, ಒಂದು ಹಿಡಿ ಪುಂಡಿಪಲ್ಯ

ನಮ್ಮ ಮಾವನವರಿಗೆ ಬಿಪಿ. ಡಾಕ್ಟರು ಉಪ್ಪು ಕಡಿಮೆ ಮಾಡಿ ಅಂದಾಗ ಉಪ್ಪಿನಕಾಯಿ, ಹಪ್ಪಳ ನಿಲ್ಲಿಸಿದೆವು. ರಾತ್ರಿ ರೊಟ್ಟಿ ಬದಲು ಪ್ಯಾಕೆಟ್ ಸೂಪ್ ಕೊಡತೊಡಗಿದೆ. ಹಗುರ ಊಟ, ಒಳ್ಳೆಯದು ಅಂದುಕೊಂಡಿದ್ದೆ. ಪ್ಯಾಕೆಟ್ ಹಿಂದಿನ ಸಣ್ಣಕ್ಷರ ಓದಿದ್ದು ತಿಂಗಳಾದ ಮೇಲೆ!

100 ಗ್ರಾಂ ಪುಡಿಗೆ 4500 ಮಿಲಿಗ್ರಾಂ ಸೋಡಿಯಂ, ಅಂದರೆ ಉಪ್ಪಿನಲ್ಲಿರುವ, ಬಿಪಿ ಏರಿಸುವ ಅಂಶ. ಒಂದು ಸರ್ವಿಂಗ್ ಅಂದರೆ 11 ಗ್ರಾಂ, ಅಲ್ಲಿಗೆ ಸುಮಾರು 500. ಪ್ಯಾಕೆಟ್ ನಾಲ್ಕು ಜನಕ್ಕೆ ಅಂತ ಬರೆದಿತ್ತು. ನಮ್ಮ ಮನೆಯಲ್ಲಿ ಇಬ್ಬರೇ ಮುಗಿಸುತ್ತಿದ್ದೆವು, ಅಂದರೆ ಒಬ್ಬರಿಗೆ 1000. ದಿನಕ್ಕೆ 2000 ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು 5 ಗ್ರಾಂ ಉಪ್ಪಿಗೆ ಸಮ. ಒಂದು ಬಟ್ಟಲು ಸೂಪಿಗೇ ಅರ್ಧ ದಿನದ ಲೆಕ್ಕ ಮುಗಿದಿತ್ತು.

ಈಗ ಬಳ್ಳಾರಿಯ ಅಂಗಡಿಗಳಲ್ಲಿ ಪ್ಯಾಕೆಟ್ ಕೈಗೆತ್ತಿಕೊಂಡರೆ ಮೊದಲು ತಿರುಗಿಸುತ್ತೇನೆ. ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಉಪ್ಪು ಎರಡನೆಯದೋ ಮೂರನೆಯದೋ ಆಗಿದ್ದರೆ ವಾಪಸ್ ಇಡುತ್ತೇನೆ. 621 ಅಂತಿದ್ದರೆ ಅದು ಅಜಿನೊಮೊಟೊ, ಅದರಲ್ಲೂ ಸೋಡಿಯಂ ಇದೆ. ಪ್ಯಾಕೆಟ್ ಮುಂದೆ ದೊಡ್ಡದಾಗಿ ‘ಉಪ್ಪು 25% ಕಡಿಮೆ’ ಅಂತಿದ್ದರೆ, ಯಾವುದಕ್ಕಿಂತ ಕಡಿಮೆ ಅಂತ ನೋಡಬೇಕು, ಅಲ್ವಾ?

ಎಷ್ಟು ಹುಡುಕಿದರೂ ಪೂರ್ತಿ ಒಳ್ಳೆಯದು ಸಿಗಲಿಲ್ಲ. ಅದಕ್ಕೇ ಅರ್ಧ ಪ್ಯಾಕೆಟ್ಟನ್ನೇ ನಾಲ್ಕು ಬಟ್ಟಲಿಗೆ ಹಾಕಲು ಶುರು ಮಾಡಿದೆ. ಒಂದು ಬಟ್ಟಲಿಗೆ 250 ಮಿಲಿಗ್ರಾಂ. ಮೊದಲ ದಿನ ಬರೀ ನೀರು ಜಾಸ್ತಿ ಮಾಡಿದ್ದೆ.

“ಏನವ್ವಾ, ಉಪ್ಪು ಹಾಕೋದು ಮರ್ತೆ ಏನು? ಸಪ್ಪಗೈತಲ್ಲ!” ಅಂದರು ಮಾವ.

ಸರಿಹೋಗಿದ್ದು ಬೇಳೆ ಕಟ್ಟಿನಿಂದ. ತೊಗರಿಬೇಳೆಯನ್ನು ಉಪ್ಪಿಲ್ಲದೆ ಬೇಯಿಸಿ, ಮೇಲಿನ ಕಟ್ಟು ಬಸಿದುಕೊಳ್ಳುತ್ತೇನೆ. ಟೊಮೆಟೊ ಸೂಪಿನ ಪುಡಿಯನ್ನು ತಣ್ಣೀರಿನಲ್ಲಿ ಕಲಸಿ ಅದಕ್ಕೆ ಸುರಿದರೆ ಗಂಟಾಗುವುದಿಲ್ಲ, ಅರ್ಧ ಪುಡಿಗೂ ಸಾಕಷ್ಟು ಮಂದ ಬರುತ್ತದೆ. ಆಮೇಲೆ ಒಂದು ಹಿಡಿ ಪುಂಡಿಪಲ್ಯದ (ಗೋಂಗುರ ಅನ್ನೋ ಹುಳಿಸೊಪ್ಪು) ಎಲೆ ಹೆಚ್ಚಿ ಹಾಕುತ್ತೇನೆ. ನಾಲಿಗೆಗೆ ಹುಳಿ ತಾಕಿದರೆ ಉಪ್ಪಿನ ನೆನಪು ಅಷ್ಟಾಗಿ ಬರುವುದಿಲ್ಲ. ಪುಂಡಿ ಇಲ್ಲದ ದಿನ ಇಳಿಸಿದ ಮೇಲೆ ನಿಂಬೆರಸ. ಕೊನೆಗೆ ಹುರಿದ ಜೀರಿಗೆ, ಮೆಣಸು, ಎರಡೆಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಮುಚ್ಚಿಡುತ್ತೇನೆ. ಗುರೆಳ್ಳು ಪುಡಿಯನ್ನೂ ಉದುರಿಸಿ ನೋಡಿದೆ. ರುಚಿ ಚೆನ್ನಾಗಿತ್ತು, ಆದರೆ ಚಟ್ನಿಪುಡಿಯಲ್ಲೇ ಉಪ್ಪಿರುತ್ತದೆ ಅನ್ನೋದು ಮರೆತಿದ್ದೆ! ಈಗ ಬರೀ ಗುರೆಳ್ಳು ಹುರಿದು ಕುಟ್ಟುತ್ತೇನೆ.

ಲೋ ಸೋಡಿಯಂ ಉಪ್ಪು ತರೋಣ ಅಂದಿದ್ದರು ನಮ್ಮವರು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ನುಂಗುವವರಿಗೆ ಅಪಾಯ. ಡಾಕ್ಟರು ಬೇಡ ಅಂದರು, ಬಿಟ್ಟೆವು.

ಚೈನೀಸ್ ಶೈಲಿಯ ಮ್ಯಾಂಚೋ ಸೂಪ್ ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಸೋಯಾ ಸಾಸ್ ಇಲ್ಲದಿದ್ದರೆ ಅದು ಮ್ಯಾಂಚೋನೇ ಅಲ್ಲ ಅಂತ ನನ್ನ ಮಗನ ವಾದ. ಆ ಸಾಸಿನ ತುಂಬ ಉಪ್ಪೇ. ಬೇಕಿದ್ದರೆ ಹೊರಗೆ ಹೋಗಿ ಕುಡಿ ಅಂದಿದ್ದೇನೆ, ತಾತನನ್ನು ಮಾತ್ರ ಕರೆದುಕೊಂಡು ಹೋಗಬೇಡ ಅಂತಲೂ.