ತೆಂಗಿನ ಸಾಲಿನ ನಡುವೆ ಏಲಕ್ಕಿ ಬಾಳೆ, ನಿಂಬೆ: ಸಾವಯವ ತೋಟದಲ್ಲಿ ಮಾಡುವ ಬಗೆ

ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ತೆಂಗಿನ ತೋಟಗಳಲ್ಲಿ ಮರದಿಂದ ಮರಕ್ಕೆ 25ರಿಂದ 30 ಅಡಿ ಅಂತರವಿರುತ್ತದೆ. 30 ಅಡಿಯಾದರೆ ಎಕರೆಗೆ 48 ಮರ. ತೆಂಗಿನ ಚುರುಕಾದ ಬೇರುಗಳಲ್ಲಿ ಬಹುಪಾಲು ಬುಡದಿಂದ ಎರಡು ಮೀಟರ್, ಅಂದರೆ ಆರೂವರೆ ಅಡಿಯೊಳಗೇ ಇರುತ್ತವೆ. ಲೆಕ್ಕ ಹಾಕಿದರೆ 30 ಅಡಿ ಅಂತರದ ತೋಟದಲ್ಲಿ ಇದು ನೆಲದ ಆರರಲ್ಲಿ ಒಂದು ಪಾಲೂ ಆಗುವುದಿಲ್ಲ. ಉಳಿದ ಜಾಗದಲ್ಲಿ ಹಣ್ಣು ಬೆಳೆಯಬಹುದು. ಆದರೆ ಬಾಳೆ ಹಾಕಿದ ಎರಡನೇ ವರ್ಷಕ್ಕೆ ಕಾಯಿ ಕಡಿಮೆಯಾಯಿತು ಎಂಬ ದೂರು ಬಂದರೆ, ಹೆಚ್ಚಿನ ಸಲ ತೆಂಗಿನ ಪಾಲಿನ ನೀರು, ಗೊಬ್ಬರ ಬಾಳೆಗೆ ಹೋಗಿರುತ್ತದೆ. ಅದಕ್ಕೇ ಗುಂಡಿ ತೋಡುವ ಮೊದಲು ಬಿಸಿಲು, ನೀರು ಎರಡನ್ನೂ ಅಳೆಯಬೇಕು.

ಬಿಸಿಲಿನ ಲೆಕ್ಕ

ಮರಕ್ಕೆ ಏಳೆಂಟು ವರ್ಷ ಆಗುವವರೆಗೆ ಸಾಲಿನ ನಡುವೆ ಬೇಕಾದಷ್ಟು ಬಿಸಿಲು ಬೀಳುತ್ತದೆ. ಅಲ್ಲಿಂದ ಇಪ್ಪತ್ತು ಇಪ್ಪತ್ತೈದು ವರ್ಷದವರೆಗೆ ಗರಿ ತಗ್ಗಿನಲ್ಲೇ ಹರಡಿಕೊಂಡು ನೆರಳು ಕವಿಯುತ್ತದೆ. ಆಮೇಲೆ ಮರ ಎತ್ತರಕ್ಕೆ ಹೋದಂತೆ ಮತ್ತೆ ಬೆಳಕು ಇಳಿಯುತ್ತದೆ. ನಡುವಿನ ವಯಸ್ಸಿನ ತೋಟದಲ್ಲಿ ಹಣ್ಣಿನ ಗಿಡ ಹಾಕಿ ಕೈ ಸುಟ್ಟುಕೊಂಡವರು ಬಹಳ.

ವಯಸ್ಸು ಗೊತ್ತಿಲ್ಲದಿದ್ದರೆ ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ಮರದ ನಡುವೆ ಬಿಳಿ ಪಂಚೆ ಹಾಸಿ. ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಬಿಸಿಲು ಬಿದ್ದರೆ ಬಾಳೆ, ನಿಂಬೆ ಎರಡೂ ಬರುತ್ತವೆ. ಮೂರರಲ್ಲಿ ಒಂದು ಪಾಲು ಬಿದ್ದರೆ ಬಾಳೆ ಮಾತ್ರ. ಅದಕ್ಕೂ ಕಡಿಮೆಯಾದರೆ ಹಣ್ಣಿನ ಆಸೆ ಬಿಡಿ. ತೋಟದ ಮೂರ್ನಾಲ್ಕು ಕಡೆ ಹಾಸಿ ನೋಡಿದರೆ ಒಳ್ಳೆಯದು. ಒಂದೇ ತೋಟದಲ್ಲೂ ಜಾಗದಿಂದ ಜಾಗಕ್ಕೆ ವ್ಯತ್ಯಾಸವಿರುತ್ತದೆ.

ಮಾವು, ಸಪೋಟ, ಹಲಸು ಸಾಲಿನೊಳಗೆ ಬೇಡ, ಬದುವಿಗೆ ಸರಿ. ದಾಳಿಂಬೆ ನೆರಳಿನಲ್ಲಿ ಆಗದು. ಸೀಬೆಗೂ ಬಿಸಿಲು ಬೇಕು, ಜೊತೆಗೆ ತೆಂಗನ್ನು ಕಾಡುವ ಬಿಳಿ ನೊಣ ಸೀಬೆಯನ್ನೂ ಹಿಡಿಯುತ್ತದೆ.

ನೀರಿನ ಲೆಕ್ಕ

ಇದನ್ನು ಏಪ್ರಿಲ್‌ನಲ್ಲೇ ಮಾಡಬೇಕು, ಮಳೆಗಾಲದ ಬೋರ್‌ವೆಲ್ ನಂಬುವಂತಿಲ್ಲ. 200 ಲೀಟರ್ ಡ್ರಮ್ ತುಂಬಲು ಎಷ್ಟು ನಿಮಿಷ ಬೇಕು ನೋಡಿ. ಬೇಸಿಗೆಯಲ್ಲಿ ದಿನಕ್ಕೆ ತೆಂಗಿಗೆ 50 ಲೀಟರ್, ಬಾಳೆಗೆ 12, ಎಳೆಯ ನಿಂಬೆಗೆ 10 ಲೀಟರ್ ಎಂದು ಇಟ್ಟುಕೊಳ್ಳಿ. 48 ತೆಂಗು, 300 ಬಾಳೆ, 40 ನಿಂಬೆಗೆ 6,400 ಲೀಟರ್ ಆಗುತ್ತದೆ. ಡ್ರಮ್ ಹತ್ತು ನಿಮಿಷಕ್ಕೆ ತುಂಬಿದರೆ ಗಂಟೆಗೆ 1,200, ಐದು ಗಂಟೆ ಕರೆಂಟಿಗೆ 6,000. ಸಾಲದು. ಆಗ ಬಾಳೆಯನ್ನು 150ಕ್ಕೆ ಇಳಿಸಿ, 4,600ರಲ್ಲಿ ಮುಗಿಯುತ್ತದೆ.

ತೆಂಗಿಗೆ ಗಂಟೆಗೆ 8 ಲೀಟರ್ ಬಿಡುವ ನಾಲ್ಕು ಡ್ರಿಪ್ಪರ್‌ಗಳನ್ನು ಬುಡದಿಂದ ಮೂರು ನಾಲ್ಕು ಅಡಿ ದೂರದಲ್ಲಿ ಸುತ್ತ ಹಾಕಿ. ಬಾಳೆಗೆ 4 ಲೀಟರಿನವು ಎರಡು. ಒಂದೂವರೆ ಗಂಟೆ ಬಿಟ್ಟರೆ ಎರಡಕ್ಕೂ ಸರಿಹೋಗುತ್ತದೆ. ಹಾಗಂತ ಒಂದೇ ಲೈನಿಗೆ ಜೋಡಿಸಬೇಡಿ. ಎರಡಕ್ಕೂ ಬೇರೆ ಬೇರೆ ಗೇಟ್ ವಾಲ್ವ್ ಇರಲಿ. ನೀರು ಬತ್ತಿದಾಗ ಮೊದಲು ಮುಚ್ಚಬೇಕಾದ್ದು ಬಾಳೆಯ ವಾಲ್ವ್. ಒಣಗಿದ ಬಾಳೆಯನ್ನು ಮುಂದಿನ ವರ್ಷ ಹೊಸದಾಗಿ ನೆಡಬಹುದು. ತೆಂಗು ಒಮ್ಮೆ ಸೊರಗಿದರೆ ಚೇತರಿಸಿಕೊಳ್ಳಲು ಎರಡು ಮೂರು ವರ್ಷ ಹಿಡಿಯುತ್ತದೆ.

ನೆಡುವುದು

30 ಅಡಿ ಸಾಲಿನ ನಡುವೆ ಬಾಳೆಯ ಎರಡು ಸಾಲು, ತೆಂಗಿನ ಸಾಲಿನಿಂದ ತಲಾ 10 ಅಡಿ ಬಿಟ್ಟು. ಗಿಡದಿಂದ ಗಿಡಕ್ಕೆ 7 ಅಡಿ. ನಾಲ್ಕು ತೆಂಗಿನ ನಟ್ಟನಡುವೆ ಒಂದು ನಿಂಬೆ. ನಿಂಬೆಯ ಎರಡೂ ಪಕ್ಕದಲ್ಲಿ ಒಂದೊಂದು ಬಾಳೆಯ ಜಾಗವನ್ನು ನೆಡದೆ ಖಾಲಿ ಬಿಡಿ, ಇಲ್ಲವಾದರೆ ಎಳೆಯ ನಿಂಬೆ ಬಾಳೆ ಎಲೆಯ ಕೆಳಗೆ ಸಿಕ್ಕಿಕೊಂಡು ಕಡ್ಡಿಯಂತೆ ಉದ್ದವಾಗುತ್ತದೆ. 25 ಅಡಿ ತೋಟದಲ್ಲಿ ಬಾಳೆ ಒಂದೇ ಸಾಲು.

ಏಲಕ್ಕಿ ಬಾಳೆಗೆ ಕತ್ತಿಯಂತೆ ಸಪೂರ ಎಲೆಯ ಕಂದು (ತಾಯಿ ಬುಡದಿಂದ ಎದ್ದ ಮರಿಗಿಡ) ಬೇಕು, ಗೆಡ್ಡೆ ಒಂದೂವರೆಯಿಂದ ಎರಡು ಕೆಜಿ ತೂಗಬೇಕು. ಅಗಲ ಎಲೆಯ ನೀರುಗಂದು ಬೇಡ. ಗೆಡ್ಡೆಯ ಬೇರು, ಹೊರಸಿಪ್ಪೆ ಹೆರೆದು ನೋಡಿ: ಒಳಗೆ ಅಚ್ಚ ಬಿಳಿ ಇರಬೇಕು. ಸಣ್ಣ ತೂತು ಕಂಡರೆ ಹುಳು, ಕೆಂಗಂದು ಗೆರೆ ಕಂಡರೆ ಪನಾಮ ಸೊರಗು ರೋಗ. ಎರಡೂ ತೋಟದ ಹೊರಗೆ.

ಒಂದೂವರೆ ಅಡಿ ಗುಂಡಿಗೆ 10 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ. ಗೊಬ್ಬರದಲ್ಲಿ ಮೊದಲೇ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಬೆಳೆಸಿಕೊಂಡಿರಬೇಕು: 100 ಕೆಜಿಗೆ 1 ಕೆಜಿ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿ 15 ದಿನ ಬಿಡಿ. ಬಿಸಿಲಿಗೆ ಇಟ್ಟರೆ ಸತ್ತುಹೋಗುತ್ತದೆ. ಮೂರನೇ ಮತ್ತು ಐದನೇ ತಿಂಗಳು ಇನ್ನೈದು ಕೆಜಿ ಗೊಬ್ಬರ, ಐದನೆಯದರಲ್ಲಿ ಗಿಡಕ್ಕೆ ಅರ್ಧ ಕೆಜಿ ಸೌದೆ ಬೂದಿ. ತೆಂಗು, ಬಾಳೆ ಎರಡೂ ಪೊಟ್ಯಾಷ್ ಹೀರುವ ಬೆಳೆಗಳು, ಬೂದಿ ಬಿಟ್ಟರೆ ಗೊನೆ ಸಣ್ಣಗಾಗುತ್ತದೆ. ಬೂದಿಯನ್ನು ಹಸಿ ಸಗಣಿಯ ಜೊತೆ ಕಲಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ತೆಂಗಿನ ಗೊಬ್ಬರ ಬೇರೆಯೇ: ಮರಕ್ಕೆ ವರ್ಷಕ್ಕೆ 50 ಕೆಜಿ ಕೊಟ್ಟಿಗೆ ಗೊಬ್ಬರ, 5 ಕೆಜಿ ಬೇವಿನ ಹಿಂಡಿ, ಆರಡಿ ಪಾತಿಯೊಳಗೆ. ಬಾಳೆಗೆ ಹಾಕಿದ್ದು ತೆಂಗಿಗೂ ಸಿಗುತ್ತದೆ ಎಂದು ಇದನ್ನು ನಿಲ್ಲಿಸಬೇಡಿ.

ಜೂನ್‌ನಲ್ಲಿ ನೆಟ್ಟರೆ ಗೊನೆ ಮುಂದಿನ ಶ್ರಾವಣ, ಗೌರಿ-ಗಣೇಶ ಹಬ್ಬದ ಹೊತ್ತಿಗೆ ಬರುತ್ತದೆ, ಬೆಲೆಯೂ ಇರುತ್ತದೆ. ಆದರೆ ಗೊನೆ ಹೊತ್ತ ಗಿಡ ಆಷಾಢದ ಗಾಳಿಗೆ ಸಿಗುತ್ತದೆ, ಏಲಕ್ಕಿ ಬಾಳೆಯೋ ಎತ್ತರದ ಗಿಡ. ಗೊನೆ ಹೊರಟ ತಕ್ಷಣ ಎರಡು ಬಿದಿರು ಗಳ ಕತ್ತರಿಯಾಕಾರಕ್ಕೆ ಕಟ್ಟಿ ಕತ್ತಿನ ಕೆಳಗೆ ಆಸರೆ ಕೊಡಿ, ಗೊನೆ ವಾಲಿದ ಕಡೆಯಿಂದ.

ಸಾಲಿನ ನಡುವೆ, ನಿಂಬೆ ಇಲ್ಲದ ಜಾಗದಲ್ಲಿ, ಎರಡು ಅಡಿ ಆಳದ ಕಂದಕ ತೋಡಿ ತೆಂಗಿನ ಮಟ್ಟೆ (ಕಾಯಿ ಸುಲಿದ ಸಿಪ್ಪೆ) ಹೂಳಿ. ಬಟ್ಟಲಿನ ಮುಖ ಮೇಲಕ್ಕೆ ಇರುವಂತೆ ಜೋಡಿಸಿ, ಪ್ರತಿ ಪದರಕ್ಕೂ ತೆಳುವಾಗಿ ಮಣ್ಣು ಕೊಟ್ಟು, ಕೊನೆಯ ಪದರ ಮಾತ್ರ ಬೋರಲು. ಮಟ್ಟೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿಯುತ್ತದೆ, ಐದಾರು ವರ್ಷ ಬಾಳುತ್ತದೆ.

ರೋಗ, ಕೀಟ

ಈ ಕಡೆ ಹೆಚ್ಚು ಹೆದರಿಸುವುದು ತೆಂಗಿನ ಅಣಬೆ ರೋಗ. ಬುಡದಲ್ಲಿ ಕಂದು ಅಂಟು ಸೋರುತ್ತದೆ, ಕೆಳಗಿನ ಗರಿ ಜೋತುಬೀಳುತ್ತವೆ. ಇದು ಬೇರಿನಿಂದ ಬೇರಿಗೆ ದಾಟುತ್ತದೆ. ಆರೂವರೆ ಅಡಿಯೊಳಗೆ ರೋಟವೇಟರ್ ಓಡಿಸಿ ಬೇರು ಕತ್ತರಿಸಿದರೆ ನಾವೇ ಬಾಗಿಲು ತೆರೆದಂತೆ. ರೋಗ ಬಂದ ಮರದ ಬೇರು ಪಕ್ಕದ ಮರಕ್ಕೆ ತಾಗದಂತೆ, ಅದರಿಂದ ನಾಲ್ಕು ಅಡಿ ಬಿಟ್ಟು ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೋಡಿ, 5 ಕೆಜಿ ಬೇವಿನ ಹಿಂಡಿಯನ್ನು ಟ್ರೈಕೋಡರ್ಮಾ ಜೊತೆ ಪಾತಿಗೆ ಕೊಡಿ. ನೀರಾವರಿ ಇದ್ದಲ್ಲಿ ಬಾಳೆ ಅಂತರಬೆಳೆಯನ್ನೂ ಈ ರೋಗದ ಹತೋಟಿಗೆ ಶಿಫಾರಸು ಮಾಡುತ್ತಾರೆ.

ಸುರುಳಿ ಬಿಳಿ ನೊಣ ತೆಂಗು, ಬಾಳೆ ಎರಡರ ಎಲೆಯಡಿಯಲ್ಲೂ ಮೊಟ್ಟೆಯ ಬಿಳಿ ಸುರುಳಿ ಇಡುತ್ತದೆ, ಕೆಳಗಿನ ಎಲೆಗಳ ಮೇಲೆ ಕಾಡಿಗೆಯಂಥ ಬೂಷ್ಟು ಕೂರುತ್ತದೆ. ಸಿಂಪಡಿಸುವ ಮೊದಲು ಭೂತಗನ್ನಡಿ ಹಿಡಿದು ಎಲೆಯಡಿಯ ನೊಣದ ಕೋಶಗಳನ್ನು ನೋಡಿ. ಕಪ್ಪಾಗಿದ್ದರೆ ಒಳಗೆ ಬಿಳಿ ನೊಣವನ್ನು ತಿಂದು ಬೆಳೆಯುವ ಎನ್ಕಾರ್ಸಿಯಾ ಎಂಬ ಪರತಂತ್ರ ಕಣಜದ ಮರಿ ಇದೆ ಎಂದರ್ಥ, ಏನೂ ಹೊಡೆಯಬೇಡಿ. ಕಪ್ಪು ಕೋಶ ಇಲ್ಲದಿದ್ದರೆ ಮಾತ್ರ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ದ್ರಾವಣ.

ನಿಂಬೆಯ ಕಜ್ಜಿ ರೋಗಕ್ಕೆ ಶೇ 1ರ ಬೋರ್ಡೊ ದ್ರಾವಣ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ಉಜ್ಜಿ ಹೊಳಪು ಮಾಡಿದ ಕುಡುಗೋಲನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ತಾಮ್ರ ಮಣ್ಣಿನಲ್ಲಿ ಉಳಿಯುವುದರಿಂದ ಸಾವಯವದಲ್ಲಿ ಇದಕ್ಕೆ ಮಿತಿ ಇದೆ. ಸಾವಯವ ಪ್ರಮಾಣಪತ್ರ ಇದ್ದರೆ ಅದನ್ನು ಕೊಟ್ಟ ಸಂಸ್ಥೆಯನ್ನು ಮೊದಲೇ ಕೇಳಿ, ದಿನಚರಿಯಲ್ಲಿ ಬರೆದಿಡಿ.

ಮೂರು ಬೆಳೆಯ ನಂತರ

ಕೂಳೆಗೆ (ಗೊನೆ ಕಡಿದ ಬುಡದಿಂದಲೇ ಬರುವ ಮುಂದಿನ ಬೆಳೆಗೆ) ಬುಡಕ್ಕೊಂದೇ ಕಂದು ಬಿಡಿ. ಕೂಳೆ ಹೆಚ್ಚಿದಂತೆ ಏಲಕ್ಕಿಗೆ ಪನಾಮ ರೋಗ ಕಾಡುತ್ತದೆ: ಹಳೆಯ ಎಲೆ ಅಂಚಿನಿಂದ ಹಳದಿಯಾಗಿ ದಿಂಡಿನ ಸುತ್ತ ಜೋತುಬೀಳುತ್ತದೆ, ದಿಂಡು ಬುಡದಲ್ಲಿ ಸೀಳುತ್ತದೆ. ಅಂಥ ಗಿಡವನ್ನು ಗೆಡ್ಡೆ ಸಮೇತ ಕಿತ್ತು ಸುಟ್ಟು, ಗುಂಡಿಗೆ 1 ಕೆಜಿ ಸುಣ್ಣ ಹಾಕಿ. ಆ ಗುದ್ದಲಿಯನ್ನು ತೊಳೆಯದೆ ಇನ್ನೊಂದು ಬುಡಕ್ಕೆ ತಾಗಿಸಬೇಡಿ.

ಮೂರನೇ ಗೊನೆ ಕಡಿಯುವ ಹೊತ್ತಿಗೆ ನಿಂಬೆ ಕಾಯಿ ಹಿಡಿಯಲು ಶುರುವಾಗಿರುತ್ತದೆ. ಆಗ ಬಾಳೆಯನ್ನು ಪೂರ್ತಿ ಕಿತ್ತು, ರೋಗವಿಲ್ಲದ ದಿಂಡನ್ನು ಅಡಿಯುದ್ದ ತುಂಡರಿಸಿ ತೆಂಗಿನ ಪಾತಿಗೆ ಹೊದಿಸಿ, ಖಾಲಿ ಸಾಲಿಗೆ ಹಿಂಗಾರು ಮಳೆಯಲ್ಲಿ ಹುರುಳಿ ಚೆಲ್ಲಿ.