ಡೇಟಾ ಇಲ್ಲದೆ ರೋಮ್‌ನಲ್ಲಿ ದಾರಿ ಸಿಕ್ಕಿತು

ರೋಮ್‌ನಲ್ಲಿ ಇಳಿದಾಗ ನನ್ನ ಸಿಮ್‌ನ ರೋಮಿಂಗ್ ಕೆಲಸ ಮಾಡಲಿಲ್ಲ. ಗೂಗಲ್ ಮ್ಯಾಪ್ಸ್‌ನ ಆಫ್‌ಲೈನ್ ನಕ್ಷೆ ವಾಹನದ ದಾರಿಯನ್ನಷ್ಟೇ ಹೇಳುತ್ತದೆ. ನಡೆಯುವವರಿಗೆ ಇಂಟರ್ನೆಟ್ ಬೇಕು. ಕೈ ಹಿಡಿದದ್ದು ಆರ್ಗ್ಯಾನಿಕ್ ಮ್ಯಾಪ್ಸ್. ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿಯನ್ನು ಬಳಸುವ ಈ ಉಚಿತ ಆ್ಯಪ್, ನಕ್ಷೆ ಮೊದಲೇ ಇಳಿಸಿಕೊಂಡಿದ್ದರೆ ನಡಿಗೆಯ ದಾರಿಯನ್ನೂ ತೋರಿಸುತ್ತದೆ. ಜಿಪಿಎಸ್ ಸಂಕೇತ ಬರುವುದು ಉಪಗ್ರಹದಿಂದ, ಸಿಮ್‌ನಿಂದಲ್ಲ. ಇದನ್ನು ಬಹಳ ಜನ ನಂಬುವುದೇ ಇಲ್ಲ! ಅದಕ್ಕೇ ಬಳ್ಳಾರಿಯಲ್ಲಿ ಡೇಟಾ ಆಫ್ ಮಾಡಿ, ರೈಲು ನಿಲ್ದಾಣದಿಂದ ಕೋಟೆ ಗುಡ್ಡದ ಬುಡದವರೆಗೆ ನಡೆದು ಪರೀಕ್ಷಿಸಿದ್ದೆ. ಟರ್ಮಿನಿ ನಿಲ್ದಾಣದಿಂದ ಕೊಲೊಸಿಯಮ್‌ಗೂ ಹಾಗೆಯೇ ತಲುಪಿದೆ. ಎತ್ತರದ ಕಟ್ಟಡಗಳ ನಡುವಿನ ಇಕ್ಕಟ್ಟಾದ ಓಣಿಗಳಲ್ಲಿ ಮಾತ್ರ ನಮ್ಮ ಸ್ಥಾನದ ಗುರುತು ಪಕ್ಕದ ಬೀದಿಗೆ ಜಿಗಿಯುತ್ತದೆ. ಬಯಲಾದ ಚೌಕಕ್ಕೆ ಬಂದು ಸ್ವಲ್ಪ ನಿಂತರೆ ಸರಿಹೋಗುತ್ತದೆ. ಇಟಲಿಯ ನಕ್ಷೆ ಪ್ರಾಂತ್ಯವಾರು ಸಿಗುತ್ತದೆ. ರೋಮ್‌ಗೆ ಲಾಟ್ಸಿಯೊ ಒಂದೇ ಸಾಕು, ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ.